ಚಲ್ಲಘಟ್ಟಕ್ಕೆ ಕೊಂಚ ಮುಂಚೆ

ಮಹದೇವಪುರದ ಬೀದಿನಾಯಿಗಳಿಗೆ ನಡೆದುಹೋಗುವವರ ಮೇಲೆ ಸಿಟ್ಟಿಲ್ಲ. ಸ್ಕೂಟರಿನವರ ಮೇಲೆ ಇದೆ, ಆದರೆ ಅದು ಹಳೇ ವ್ಯಾಜ್ಯ, ಎರಡೂ ಕಡೆಯವರಿಗೆ ರೂಢಿಯಾಗಿಬಿಟ್ಟಿದೆ. ಓಡುವವನನ್ನು ಕಂಡಾಗ ಮಾತ್ರ ಅವಕ್ಕೆ ಏನು ಮಾಡಬೇಕೆಂದು ತೋಚುವುದಿಲ್ಲ. ಕಳ್ಳನಾದರೆ ಹಿಂದೆ ಯಾರಾದರೂ ಅಟ್ಟಿಸಿಕೊಂಡು ಬರಬೇಕು. ಬಸ್ಸು ಹಿಡಿಯುವವನಾದರೆ ಮುಂದೆ ಬಸ್ಸಾದರೂ ಇರಬೇಕು. ಬೆಳಗಿನ ಜಾವ ನಾಲ್ಕೂವರೆಗೆ, ಹಿಂದೆ ಯಾರೂ ಇಲ್ಲದೆ ಮುಂದೆ ಏನೂ ಇಲ್ಲದೆ, ಚಡ್ಡಿ ಹಾಕಿಕೊಂಡು ಏದುಸಿರು ಬಿಡುತ್ತ, ಹೇಳಿಕೊಳ್ಳುವಂಥ ವೇಗವೂ ಇಲ್ಲದೆ ಹೋಗುತ್ತಿರುವ ನಲವತ್ತು ದಾಟಿದ ಗಂಡಸನ್ನು ಯಾವ ಪಟ್ಟಿಗೆ ಸೇರಿಸುವುದು? ಅನುಮಾನದ ಲಾಭವನ್ನು ಆರೋಪಿಗೆ ಬಿಟ್ಟುಕೊಡುವ ಪದ್ಧತಿ ನಾಯಿಗಳಲ್ಲಿಲ್ಲ. ಮೊದಲು ಬೊಗಳುವುದು, ವಿಚಾರಣೆ ಆಮೇಲೆ.

ಗರುಡಾಚಾರ್‌ಪಾಳ್ಯದ ನಮ್ಮ ಬೀದಿಯ ನಾಯಿಗಳು ಮೂಲೆಯ ಹಾಲಿನ ಬೂತಿನವರೆಗೆ ನನ್ನನ್ನು ಅಟ್ಟಿಕೊಂಡು ಬರುತ್ತವೆ. ಅಲ್ಲಿಗೆ ಅವುಗಳ ಸರಹದ್ದು ಮುಗಿಯಿತು. ಬೂತಿನಾಚೆ ಇನ್ನೊಂದು ಗುಂಪು ಎದ್ದು ಮೈಮುರಿಯುತ್ತ ನಿಂತಿರುತ್ತದೆ. ಹಳಬರು ನನ್ನನ್ನು ಹೊಸಬರ ವಶಕ್ಕೆ ಕೊಟ್ಟು, ಒಂದು ಕಾಗದಪತ್ರವಿಲ್ಲದೆ, ತಿರುಗಿ ಹೋಗುತ್ತಾರೆ. ಈ ಮಹದೇವಪುರಕ್ಕೆ 2007ರವರೆಗೆ ತನ್ನದೇ ನಗರಸಭೆ ಇತ್ತು. ಆಮೇಲೆ ಬಿಬಿಎಂಪಿ ಬಂತು. 2025ರ ಸೆಪ್ಟೆಂಬರ್‌ನಿಂದ ನಾವು ಬೆಂಗಳೂರು ಪೂರ್ವ ನಗರ ಪಾಲಿಕೆ. ಬೋರ್ಡು ಬದಲಾಯಿತು, ಮೊಹರು ಬದಲಾಯಿತು. ಹಾಲಿನ ಬೂತಿನ ಗಡಿ ಮಾತ್ರ ಒಂದಡಿ ಆಚೀಚೆ ಆಗಲಿಲ್ಲ.

ನಮ್ಮ ಕಾರ್ಖಾನೆಯ ಟೂಲ್ ರೂಮಿನಲ್ಲಿ ಚಿಕ್ಕೋಡಿ ಕಡೆಯ ಗೆಳೆಯನೊಬ್ಬನಿದ್ದಾನೆ. ನನ್ನನ್ನು ಈ ಹುಚ್ಚಿಗೆ ಹಚ್ಚಿದವನೇ ಅವನು. ನಾಯಿಗಳ ವಿಷಯ ತೆಗೆದಾಗ ಅವನು ಕೊಟ್ಟ ಉಪದೇಶ ಇಷ್ಟೇ: "ಓಡಬ್ಯಾಡ್ರಿ, ನಿಂದ್ರಬ್ಯಾಡ್ರಿ, ಸುಮ್ಮ ನಡೀರಿ. ಅವು ಮರತ ಬಿಡ್ತಾವ." ಪರೀಕ್ಷಿಸಿ ನೋಡಿದೆ, ನಿಜ. ಹೀಗೆ ನನ್ನ ಓಟಕ್ಕೆ ನಡುನಡುವೆ ನಡಿಗೆ ಸೇರಿಕೊಂಡಿತು. ಅಪಾರ್ಟ್‌ಮೆಂಟಿನ ಓಟಗಾರರೊಬ್ಬರು ಇದನ್ನು ಗಮನಿಸಿ, "ಓ, ನೀವು ರನ್-ವಾಕ್ ಮೆಥಡ್ಡಾ?" ಎಂದು ಗೌರವದಿಂದ ಕೇಳಿದರು. ಹೌದು ಎಂದೆ. ಮೆಥಡ್ ಯಾರದು ಎಂದು ಅವರು ಕೇಳಲಿಲ್ಲ.

ಓಡಲು ಶುರು ಮಾಡಿದ್ದು ಡಾಕ್ಟರು ಹೆದರಿಸಿದ್ದರಿಂದಲ್ಲ. ಸಕ್ಕರೆ, ಬಿಪಿ, ಹೊಟ್ಟೆಯ ಸುತ್ತಳತೆ ಇವೆಲ್ಲ ಆಗಲೂ ಇದ್ದವು, ಈಗಲೂ ಇವೆ. ನಿಜವಾದ ಕಾರಣ ಹೊರ ವರ್ತುಲ ರಸ್ತೆ. ಮಳೆಗಾಲದ ಒಂದು ಸಂಜೆ ಟಿನ್ ಫ್ಯಾಕ್ಟರಿ ಕಡೆಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಬಸ್ಸು ಮಹದೇವಪುರದ ಫ್ಲೈಓವರ್ ದಾಟಿ, ಮುಂದೆ ಹೋಗುವುದೋ ಬೇಡವೋ ಎಂಬ ಜಿಜ್ಞಾಸೆಯಲ್ಲಿ ಬಿದ್ದಿತ್ತು. ಡ್ರೈವರ್ ಇಂಜಿನ್ ಆರಿಸಿ, ಊಟದ ಡಬ್ಬಿಯ ಮುಚ್ಚಳ ತೆಗೆದ. ಅದನ್ನು ನೋಡಿ ನಾನು ಇಳಿದುಬಿಟ್ಟೆ. ನಡೆಯುತ್ತಿದ್ದಾಗ ಹನಿ ಶುರುವಾಯಿತು. ಹನಿ ದಪ್ಪವಾದಾಗ ಓಡಿದೆ. ಶಾಲೆ ಬಿಟ್ಟ ಮೇಲೆ ಹಾಗೆ ಓಡಿದ ನೆನಪಿಲ್ಲ. ಎಡಗೈಯಲ್ಲಿ ಟಿಫಿನ್ ಬ್ಯಾಗು, ಬಲಗೈ ತಲೆಯ ಮೇಲೆ, ಪಕ್ಕದಲ್ಲಿ ಸಾಲುಗಟ್ಟಿ ನಿಂತ ಕಾರುಗಳು. ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ನಿಂತು ತಲೆ ಒರೆಸಿಕೊಂಡು, ಪಕ್ಕದ ಗಾಡಿಯಲ್ಲಿ ಒಂದು ಟೀ ಕುಡಿದು, ಇನ್ನೊಂದು ಕುಡಿಯಲೋ ಬೇಡವೋ ಎಂದು ಯೋಚಿಸುತ್ತಿದ್ದಾಗ ನಾನಿಳಿದ ಬಸ್ಸು ಬಂತು. ಕಂಡಕ್ಟರ್ ಫುಟ್‌ಬೋರ್ಡಿನಿಂದಲೇ ನನ್ನ ಗುರುತು ಹಿಡಿದು, "ಏನ್ ಸಾರ್, ಟಿಕೆಟ್ ದುಡ್ಡು ವಾಪಸ್ ಕೊಡ್ಲಾ?" ಎಂದ.

ಬಸ್ಸನ್ನು ಸೋಲಿಸಿದ ಖುಷಿ ರಾತ್ರಿ ಊಟದವರೆಗೂ ಇತ್ತು. ಮರುದಿನ ಸ್ಟೋರ್ಸಿನಲ್ಲಿ ಬೇರಿಂಗ್ ಲೆಕ್ಕ ಹಾಕುತ್ತ ಚಿಕ್ಕೋಡಿಯವನಿಗೆ ಹೇಳಿದೆ. ಅವನು ಆಗಲೇ ಎರಡು ಮೂರು ಕಡೆ ಓಡಿ ಬಂದ ಮನುಷ್ಯ. ಅವನ ಬೀರುವಿನ ಬಾಗಿಲಿಗೆ ಪದಕಗಳು ನೇತಾಡುತ್ತವೆ. "ಕಾವೇರಿ ಟ್ರೇಲ್ ಮ್ಯಾರಥಾನ್ ಅಂತೈತ್ರಿ, ಶ್ರೀರಂಗಪಟ್ಟಣದಾಗ, ನಾಲಿ ಏರಿ ಮ್ಯಾಲ" ಎಂದ. ಶ್ರೀರಂಗಪಟ್ಟಣ ತಾಲ್ಲೂಕೇ ನನ್ನ ಹೆಂಡತಿಯ ತೌರು, ಆ ಏರಿಯಿಂದ ಕೂಗಿದರೆ ಮಾವನ ಮನೆಗೆ ಕೇಳಿಸುತ್ತದೆ ಎಂದು ಬಾಯಿಬಿಟ್ಟೆ. ಅವನು ಸ್ಪ್ಯಾನರ್ ಕೆಳಗಿಟ್ಟ. "ಹಂಗಾದ್ರ ಮುಗೀತ ಬಿಡ್ರಿ. ಮಾವನ ಊರಾಗ ಅರ್ಧಕ್ಕ ನಿಲ್ಲಾಕ ಆಗ್ತೈತೇನು? ಓಡಾಕs ಬೇಕು."

ಮಾವನಿಗೆ ಫೋನ್ ಮಾಡಿ ಹೇಳುವ ಕೆಲಸ ನನ್ನ ಪಾಲಿಗೇ ಬಂತು. ನಾಲೆ ಏರಿ ಮೇಲೆ ಓಡುತ್ತೇನೆ ಎಂದಾಗ ಅವರು ಮೊದಲು ಕೇಳಿದ್ದು, "ಯಾಕ್ ಅಳಿಯಂದ್ರೆ, ಬಸ್ಸಿಲ್ವ?" ಎಂದು. ಪಂದ್ಯ ಎಂದೆ. "ಎಷ್ಟ್ ಕೊಡ್ತಾರೆ?" ಎಂದರು. ಅವರು ಕೊಡುವುದಿಲ್ಲ, ನಾವೇ ಕೊಡಬೇಕು ಎಂದೆ. ಆ ಕಡೆ ಸ್ವಲ್ಪ ಹೊತ್ತು ಎಮ್ಮೆಯ ಕೊರಳಗಂಟೆ ಮಾತ್ರ ಕೇಳಿಸಿತು. "ಅಂದ್ರೆ ನಮ್ಮೂರ ಏರಿ ಮೇಲೆ ಓಡಕ್ಕೆ ಬೆಂಗಳೂರಿನೋರಿಗೆ ಕಾಸು ಕಟ್ಟೀರಾ? ಅಷ್ಟು ಕಸುವಿದ್ರೆ ನಾಟಿ ಹೊತ್ಗೆ ಬನ್ನಿ. ಆಳು ಸಿಕ್ತಾ ಇಲ್ಲ. ಊಟ ಹಾಕಿ ಓಡಿಸ್ತೀನಿ."

ದೂರ ಎಷ್ಟು ಎಂದು ಕೇಳಿದರು. 42.195 ಕಿಲೋಮೀಟರ್ ಎಂದೆ. ಆ ನೂರ ತೊಂಬತ್ತೈದು ಮೀಟರಿನ ಬಾಲಂಗೋಚಿ ಕೇಳಿ ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತೋ ಇಲ್ಲವೋ ಎಂದು ಮಳೆಗಾಲವಿಡೀ ಪೇಪರು ನೋಡುವ ಮನುಷ್ಯನಿಗೆ ದಶಾಂಶದ ಬೆಲೆ ಗೊತ್ತು. "ಯಾಕೆ ಅಷ್ಟೇ?" ಎಂದು ಮಾತ್ರ ಕೇಳಿದರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದ ಎದುರಿಗೆ ಮುಗಿಯುವಂತೆ ಓಟ ಇಟ್ಟಿದ್ದರು, ಆ ಅಳತೆಯನ್ನೇ 1921ರಲ್ಲಿ ಎಲ್ಲ ಕಡೆಗೂ ಕಾಯಂ ಮಾಡಿದರು ಎಂದು ವಿವರಿಸಿದೆ. "ಸರಿ ಮತ್ತೆ. ದೊರೆಗಳು ಕೂತ್ಕಂಡಿರೋ ತಾವಿಗೆ ನಾವೇ ಹೋಗಬೇಕು. ಅವ್ರು ಎದ್ದು ಬರ್ತಾರಾ?" ಎಂದು ಫೋನ್ ಇಟ್ಟರು. ಮೈಸೂರು ಸೀಮೆಯವರಿಗೆ ಇಂಥದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತರಬೇತಿ ಎಂದರೆ ಮುಖ್ಯವಾಗಿ ಬೇಗ ಮಲಗುವುದು. ಯಾವ ಪುಸ್ತಕವೂ ಇದನ್ನು ಸರಿಯಾಗಿ ಹೇಳುವುದಿಲ್ಲ. ರಾತ್ರಿ ಒಂಬತ್ತಕ್ಕೆ ಕಣ್ಣೆಳೆಯುತ್ತದೆ. ಮನೆಗೆ ಬಂದ ನೆಂಟರ ಎದುರು ಕೂತಲ್ಲೇ ತೂಕಡಿಸಿ ಹೆಸರು ಕೆಡಿಸಿಕೊಂಡಿದ್ದೇನೆ. ಉಳಿದದ್ದೆಲ್ಲ ಸರಳ: ವಾರದಲ್ಲಿ ಮೂರ್ನಾಲ್ಕು ದಿನ ಸಣ್ಣ ಓಟ, ಭಾನುವಾರ ಒಂದು ಉದ್ದದ್ದು, ಆ ಉದ್ದದ್ದನ್ನು ವಾರವಾರಕ್ಕೂ ಸ್ವಲ್ಪ ಸ್ವಲ್ಪ ಹಿಗ್ಗಿಸುತ್ತ ಮೂವತ್ತರ ಆಚೆಗೆ ತಲುಪಿಸುವುದು. ಪೂರ್ತಿ ನಲವತ್ತೆರಡನ್ನು ಮೊದಲೇ ಓಡಿ ನೋಡುವ ಹಾಗಿಲ್ಲ. ಮೂವತ್ತೆರಡು ಓಡಿದವನು ಉಳಿದ ಹತ್ತನ್ನು ಜನರ ಕೂಗಾಟದಲ್ಲಿ ಹೇಗೋ ಓಡಿಬಿಡುತ್ತಾನೆ ಎಂಬುದು ಬಲ್ಲವರ ನಂಬಿಕೆ. ನಾಲೆ ಏರಿಯ ಮೇಲೆ ಕೂಗಲು ಯಾರಿರುತ್ತಾರೆ ಎಂಬ ಪ್ರಶ್ನೆಯನ್ನು ನಾನು ಎತ್ತಲಿಲ್ಲ.

ಮಹದೇವಪುರದಲ್ಲಿ ಓಡಲು ಜಾಗ ಎಲ್ಲಿದೆ ಎಂದು ಕೇಳುವವರಿಗೆ ಮೆಟ್ರೊ ಕಂಬಗಳನ್ನು ತೋರಿಸುತ್ತೇನೆ. ಕೆ.ಆರ್. ಪುರದಿಂದ ವೈಟ್‌ಫೀಲ್ಡ್ ನಿಲ್ದಾಣಕ್ಕೆ 13.71 ಕಿಲೋಮೀಟರು, ಆ ನಿಲ್ದಾಣ ಇರುವುದು ಕಾಡುಗೋಡಿಯಲ್ಲಿ. 2023ರ ಮಾರ್ಚ್ 25ರಂದು ಈ ಭಾಗ ಶುರುವಾದಾಗ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಎರಡು ಕಿಲೋಮೀಟರಿನ ಕೊಂಡಿ ಇರಲಿಲ್ಲ. ಇಲ್ಲಿಳಿದು ಬಸ್ಸು ಹಿಡಿದು ಅಲ್ಲಿ ಮತ್ತೆ ಮೆಟ್ರೊ ಹತ್ತಬೇಕಿತ್ತು. ಅಕ್ಟೋಬರ್ 9ಕ್ಕೆ ಕೊಂಡಿ ಕೂಡಿಕೊಳ್ಳುವವರೆಗೆ ಇಡೀ ವೈಟ್‌ಫೀಲ್ಡು ಹೆಗಲಿಗೆ ಲ್ಯಾಪ್‌ಟಾಪು ಹಾಕಿಕೊಂಡು ಮೆಟ್ಟಿಲಲ್ಲೂ ರಸ್ತೆಯಲ್ಲೂ ಓಡಿ ಅಭ್ಯಾಸ ಮಾಡಿತು. ನನಗಿಂತ ಮೊದಲೇ ತರಬೇತಾದವರು ಈ ಸೀಮೆಯಲ್ಲಿ ಸಾವಿರಾರು ಜನರಿದ್ದಾರೆ.

ಕಂಬದಿಂದ ಕಂಬಕ್ಕೆ ಮೂವತ್ತು ಮೀಟರಿನ ಆಸುಪಾಸು. ಪ್ರತಿಯೊಂದಕ್ಕೂ ನಂಬರು ಬರೆದಿದ್ದಾರೆ. ನಾಲ್ಕು ಕಂಬ ಜೋರಾಗಿ, ಎರಡು ಕಂಬ ನಿಧಾನ. ಗಡಿಯಾರ ನೋಡುವ ಗೋಜಿಲ್ಲ. ಮಳೆ ಬಂದರೆ ಮೇಲಿನ ಸೇತುವೆಯ ಸಂದುಗಳಿಂದ ಎಲ್ಲೆಲ್ಲಿ ನೀರು ಇಳಿಯುತ್ತದೆ ಎನ್ನುವುದು ಒಂದೆರಡು ತಿಂಗಳಲ್ಲಿ ಬಾಯಿಪಾಠವಾಯಿತು. ಐದು ಗಂಟೆಗೆ ಹೂಡಿಯ ಹತ್ತಿರ ರಾತ್ರಿ ಪಾಳಿ ಮುಗಿಸಿದ ಕ್ಯಾಬ್ ಡ್ರೈವರುಗಳು ಸೀಟು ಹಿಂದಕ್ಕೆ ಚೆಲ್ಲಿ, ಕಿಟಕಿಯಿಂದ ಪಾದ ಹೊರಗಿಟ್ಟು ಮಲಗಿರುತ್ತಾರೆ. ಹೂವಿನವಳು ಒದ್ದೆ ಗೋಣಿತಾಟು ಬಿಚ್ಚಿ ಮಲ್ಲಿಗೆ ಮೊಳ ಹಾಕುತ್ತಿರುತ್ತಾಳೆ. ಬೇಕರಿಯ ಹಿಂಬಾಗಿಲು ತೆರೆದು ಬನ್ನಿನ ವಾಸನೆ ರಸ್ತೆಗೆ ಬರುವ ಆ ಒಂದು ತಿರುವಿನಲ್ಲಿ ನನ್ನ ವೇಗ ತಾನಾಗಿ ಕಡಿಮೆಯಾಗುತ್ತದೆ. ಒಳಗಿನ ಓಣಿಗಳಿಗೆ ಹೊಕ್ಕರೆ ಸಗಣಿ ನೀರು ಚಿಮುಕಿಸಿದ ಅಂಗಳ, ಅದರ ಮೇಲೆ ರಂಗೋಲಿ, ಕಟ್ಟೆಯ ಮೇಲೆ ಶಾಲು ಹೊದ್ದು ಕೂತ ಅಜ್ಜ. ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ: ಇಷ್ಟು ವರ್ಷ ಇವು ನನಗೆ ಸಿಗ್ನಲ್ಲುಗಳ ಹೆಸರಾಗಿದ್ದವು. ಊರುಗಳೆಂದು ಗೊತ್ತಾದದ್ದು ಈ ನಿಧಾನದ ಓಟದಲ್ಲಿ. ಎಂಟು ಗಂಟೆಗೆ ಮತ್ತೆ ಸಿಗ್ನಲ್ಲುಗಳಾಗುತ್ತವೆ.

ಒಂದು ತಿರುವಿನಲ್ಲಿ ಪೌರಕಾರ್ಮಿಕರು ಪೊರಕೆ ಹಿಡಿದು ಹಾಜರಿಗೆ ಸೇರುತ್ತಾರೆ. ಮೊದಮೊದಲು ನನ್ನನ್ನು ಕಂಡು ಅವರವರಲ್ಲೇ ತೆಲುಗಿನಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಅರ್ಥವಾಗದ್ದು ಒಳ್ಳೆಯದೇ ಆಯಿತು. ಜ್ವರ ಬಂದು ಕೆಲವು ದಿನ ತಪ್ಪಿಸಿಕೊಂಡು ಮತ್ತೆ ಹೊರಟಾಗ, ಅವರಲ್ಲಿ ಹಿರಿಯಾಕೆ ಪೊರಕೆ ಅಡ್ಡ ಹಿಡಿದು ನಿಲ್ಲಿಸಿದಳು. "ಯಾಕಣ್ಣ, ಇಷ್ಟ್ ದಿವಸ ಪತ್ತೇನೇ ಇಲ್ಲ? ಹಾಜ್ರಿ ಕಟ್." ಮಿಕ್ಕವರೆಲ್ಲ ಗೊಳ್ಳೆಂದರು. ಮಹದೇವಪುರದಲ್ಲಿ ಇಷ್ಟು ವರ್ಷ ಬಾಡಿಗೆ ಕಟ್ಟಿಕೊಂಡಿದ್ದೇನೆ, ವೋಟರ್ ಲಿಸ್ಟಿನಲ್ಲೂ ಇದ್ದೇನೆ. ಆದರೂ ನಾನು ಕಾಣಲಿಲ್ಲವೆಂದು ಒಬ್ಬರು ಕೇಳಿದ್ದು ಅದೇ ಮೊದಲು.

ಈ ನಡುವೆ ನನಗೊಂದು ಯೋಚನೆ ಹೊಳೆಯಿತು. ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗಿನ ನೇರಳೆ ಮಾರ್ಗದ ಒಟ್ಟು ಉದ್ದ 43.49 ಕಿಲೋಮೀಟರು. ಅಂದರೆ ಮ್ಯಾರಥಾನ್ ಎಂದರೆ ಈ ಕೊನೆಯಿಂದ ಹೊರಟು ಕೆಂಗೇರಿ ದಾಟಿ, ಚಲ್ಲಘಟ್ಟಕ್ಕೆ ಒಂದು ಕಿಲೋಮೀಟರು ಚಿಲ್ಲರೆ ಇರುವಾಗ ಬೀಳುವುದು. ಕಾಗದದ ಮೇಲಿನ ಅಂಕಿಯನ್ನು ಮೈಗೆ ಇಳಿಸಿಕೊಳ್ಳೋಣವೆಂದು ಒಂದು ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಕಾಡುಗೋಡಿಯಲ್ಲಿ ಹತ್ತಿದೆ. ಚಲ್ಲಘಟ್ಟದಲ್ಲಿ ಏನಿದೆ ಎಂದು ಅವಳು ಕೇಳಿದ್ದಕ್ಕೆ, ಏನಿಲ್ಲ, ಹೋಗಿ ವಾಪಸ್ ಬರುವುದು ಎಂದೆ. ಮದುವೆಯಾದಾಗಿನಿಂದ ಇಂಥ ಪ್ರವಾಸಗಳು ಅವಳಿಗೆ ರೂಢಿ.

ಹೂಡಿ ಬಂತು, ನಮ್ಮ ಮನೆಯ ಹತ್ತಿರದ ನಿಲ್ದಾಣ ಬಂತು, ಹೋಯಿತು. ಇಷ್ಟು ನನಗೆ ಗೊತ್ತಿರುವ ದೂರ. ಬೈಯಪ್ಪನಹಳ್ಳಿ ಬಂದಾಗ ಹದಿನಾರು ಕಿಲೋಮೀಟರು ಆಗಿರಬೇಕು. ಇಲ್ಲಿಗೆ ನನ್ನ ಎಡಮೊಣಕಾಲು ಮಾತಾಡಲು ಶುರು ಮಾಡುತ್ತದೆ. ಇಂದಿರಾನಗರ ದಾಟುವಾಗ ಹೆಂಡತಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಟ್ರಿನಿಟಿ ಹತ್ತಿರ ಅರ್ಧ ಮುಗಿಯಿತು. ಆಮೇಲೆ ರೈಲು ನೆಲದೊಳಕ್ಕೆ ಇಳಿಯಿತು. ಕಬ್ಬನ್ ಪಾರ್ಕು, ವಿಧಾನಸೌಧ, ಮೆಜೆಸ್ಟಿಕ್ಕು, ಸಿಟಿ ರೈಲ್ವೆ ನಿಲ್ದಾಣ. ಮಾಗಡಿ ರಸ್ತೆಯಲ್ಲಿ ಮತ್ತೆ ಬೆಳಕಿಗೆ ಬಂದಾಗ ನನಗೆ ಅಂಗೈ ಬೆವರಿತ್ತು. ಮೂವತ್ತನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಗೋಡೆಯೊಂದು ಎದುರಾಗುತ್ತದೆ ಎಂದು ಓಡುವವರೆಲ್ಲ ಹೇಳುತ್ತಾರೆ. ಸ್ನಾಯು ಮತ್ತು ಯಕೃತ್ತು ಕೂಡಿಟ್ಟ ಗ್ಲೈಕೋಜೆನ್ ಅಲ್ಲಿಗೆ ತಳ ಕಾಣುತ್ತದೆ. ಮೈ ಕೊಬ್ಬನ್ನು ಕರಗಿಸಲು ಕೂತರೆ ಅದು ಸರ್ಕಾರಿ ಕಡತದ ವೇಗದಲ್ಲಿ ಸಾಗುತ್ತದೆ. ಆ ಗೋಡೆ ಎಲ್ಲಿ ಬರುತ್ತದೆಂದು ಲೆಕ್ಕ ಹಾಕಿದೆ: ವಿಜಯನಗರ. ಏಸಿ ಬೋಗಿಯಲ್ಲಿ ಕೂತು ಕಿಟಕಿಯಿಂದ ಗೋಡೆಗಾಗಿ ನೋಡಿದೆ. ಕಂಡದ್ದು ಟೆರೇಸಿನ ಮೇಲೆ ಒಣಹಾಕಿದ ಸೀರೆ, ಕಪ್ಪು ನೀರಿನ ಟ್ಯಾಂಕು. ಅಲ್ಲಿಂದ ಮುಂದೆ ಅತ್ತಿಗುಪ್ಪೆ, ದೀಪಾಂಜಲಿನಗರ, ಮೈಸೂರು ರಸ್ತೆ. ಇನ್ನೂ ಮುಗಿಯುತ್ತಿಲ್ಲ. ನಾಯಂಡಹಳ್ಳಿಯಲ್ಲಿ ಹೆಂಡತಿಗೆ ಎಚ್ಚರವಾಯಿತು. ಹೊರಗೆ ನೋಡಿದಳು, ನನ್ನ ಮುಖ ನೋಡಿದಳು. "ಏನ್ರೀ, ಇನ್ನೂ ಓಡ್ತಾನೇ ಇದೀರಾ?" ಎಂದು ಮತ್ತೆ ಮಲಗಿದಳು.

ಮರುದಿನ ಟೂಲ್ ರೂಮಿಗೆ ಹೋಗಿ, ಇದು ನಮ್ಮಂಥವರಿಗಲ್ಲ ಎಂದೆ. ಚಿಕ್ಕೋಡಿಯವನು ಸಮಾಧಾನ ಹೇಳುವ ಜಾತಿಯವನಲ್ಲ. "ಫಡೆಪ್ಪ ಚೌಗುಲೆ ಗೊತ್ತೇನ್ರಿ ನಿಮಗ? ನಮ್ಮ ಬೆಳಗಾವಿ ಮನಶ್ಯಾ" ಎಂದು ಶುರು ಮಾಡಿದ. ಗೊತ್ತಿರಲಿಲ್ಲ. ಕನ್ನಡನಾಡಿನಲ್ಲಿ ಎಷ್ಟು ಜನರಿಗೆ ಗೊತ್ತು ಎಂದು ಆಮೇಲೆ ನಾನೇ ಕೆಲವರನ್ನು ಕೇಳಿ ನೋಡಿದೆ. ಪರಸ್ಪರ ಮುಖ ನೋಡಿಕೊಂಡರು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಗಾಡಿನ ಹುಡುಗರು ಬರಿಗಾಲಲ್ಲಿ ದೂರದ ಓಟ ಓಡುವುದನ್ನು ದೊರಾಬ್ಜಿ ಟಾಟಾ ನೋಡಿದರು. ಯುರೋಪಿನವರಿಗೆ ಇವರೇನೂ ಕಡಿಮೆಯಿಲ್ಲ ಎನಿಸಿ, ಕೈಯಿಂದ ಹಣ ಹಾಕಿ, ಮರುವರ್ಷದ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಒಂದು ಪುಟ್ಟ ತಂಡ ಕಳಿಸಲು ಓಡಾಡಿದರು. ಆಗ ಒಲಿಂಪಿಕ್ಸ್ ಎಂದರೆ ಇಲ್ಲಿ ಯಾರಿಗೂ ತಲೆಬುಡ ತಿಳಿಯದು. ಸಮಿತಿಯ ದೊಡ್ಡ ಮನುಷ್ಯರೊಬ್ಬರನ್ನು ನೂರರ ಓಟಕ್ಕೆ ಎಷ್ಟು ಸಮಯ ಹಿಡಿಯಬಹುದು ಎಂದು ಕೇಳಿದರೆ, ಒಂದೆರಡು ನಿಮಿಷ ಬೇಕಾದೀತು ಎಂದರಂತೆ. ಆ ಲೆಕ್ಕದಲ್ಲಿ ಓಡಿದ್ದರೆ ನಾನೂ ಆ ತಂಡದಲ್ಲಿ ಇರುತ್ತಿದ್ದೆ.

ಫಡೆಪ್ಪ ಚೌಗುಲೆ 1920ರಲ್ಲಿ ಆಂಟ್ವರ್ಪಿನಲ್ಲಿ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾಗಿ ಮುಗಿಸಿದರು. ಎರಡು ಗಂಟೆ ಐವತ್ತು ನಿಮಿಷ ನಲವತ್ತೈದು ಸೆಕೆಂಡು. ಅಳತೆ ಇನ್ನೂ ಕಾಯಂ ಆಗದ ಕಾಲ. ಅಲ್ಲಿ ಓಡಿಸಿದ್ದು 42.75 ಕಿಲೋಮೀಟರು, ಅರ್ಧ ಕಿಲೋಮೀಟರು ಉಚಿತ. ನನ್ನ ಮಗಳು ಪೆನ್ಸಿಲ್ ತೆಗೆದುಕೊಂಡು ಕೂತಳು. ಕಿಲೋಮೀಟರಿಗೆ ನಾಲ್ಕು ನಿಮಿಷ ಬಂತು. ಆಮೇಲೆ ನಾನು ಇಟ್ಟುಕೊಂಡಿದ್ದ ಐದೂವರೆ ಗಂಟೆಯ ಗುರಿಯನ್ನು ಭಾಗಿಸಿದಳು. ಏಳು ನಿಮಿಷ ನಲವತ್ತೊಂಬತ್ತು ಸೆಕೆಂಡು. "ಅಪ್ಪ, ಅವರು ಮುಗಿಸಿ ಸ್ನಾನ ಮಾಡಿ ಮಲಗಿ ಎದ್ದಿರ್ತಾರೆ" ಎಂದಳು. ಗಣಿತದಲ್ಲಿ ಅವಳು ಈಚೆಗೆ ಸುಧಾರಿಸಿದ್ದಾಳೆ.

ಹಳೇ ಒಲಿಂಪಿಕ್ಸ್‌ಗಳ ಕಥೆ ಹುಡುಕುತ್ತ ಹೋದಾಗ ನನಗೆ ಹೆಚ್ಚು ಹತ್ತಿರದವರು ಸಿಕ್ಕಿದ್ದು 1904ರ ಸೇಂಟ್ ಲೂಯಿಸ್‌ನಲ್ಲಿ. ಅಲ್ಲಿ ದಕ್ಷಿಣ ಆಫ್ರಿಕಾದ ಲೆನ್ ಟೌನ್ಯಾನೆ ಎಂಬಾತ ಒಂಬತ್ತನೆಯವನಾಗಿ ಬಂದ. ಇನ್ನೂ ಮುಂದೆ ಬರುತ್ತಿದ್ದನೇನೋ, ನಾಯಿಗಳು ಅಟ್ಟಿಸಿಕೊಂಡು ದಾರಿಯಿಂದ ಒಂದು ಮೈಲಿಯಷ್ಟು ಆಚೆಗೆ ಓಡಿಸಿದ್ದವು. ಪಾಪ, ಅವನಿಗೆ ಚಿಕ್ಕೋಡಿಯ ಗೆಳೆಯರಿರಲಿಲ್ಲ. ಅದೇ ಓಟದಲ್ಲಿ ಫ್ರೆಡ್ ಲಾರ್ಜ್ ಎಂಬ ಅಮೆರಿಕದವನು ಸುಸ್ತಾಗಿ ಮೋಟಾರು ಹತ್ತಿ, ಹನ್ನೊಂದು ಮೈಲಿ ಕೂತು ಬಂದು, ಆಮೇಲೆ ಇಳಿದು ಓಡಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣ ಹೊಕ್ಕ. ಗುಟ್ಟು ರಟ್ಟಾಗುವವರೆಗೆ ಜನ ಜೈಕಾರ ಹಾಕಿದರು. ಇದನ್ನು ಓದಿ ನನಗೆ ಮಹದೇವಪುರದ ಬಗ್ಗೆ ಅಭಿಮಾನ ಉಕ್ಕಿತು. ಇಲ್ಲಿ ಆ ಮೋಸ ಸಾಧ್ಯವೇ ಇಲ್ಲ. ಬೆಳಗ್ಗೆ ಎಂಟರ ಮೇಲೆ ಗ್ರಾಫೈಟ್ ಇಂಡಿಯಾ ಸಿಗ್ನಲ್ಲಿನಲ್ಲಿ ಕಾರು ಹತ್ತಿದವನು ಕಡೆಯವನಾಗಿ ಬರುತ್ತಾನೆ, ಮೀಟರಿನ ದುಡ್ಡು ಬೇರೆ.

ಮನೆಯೊಳಗಿನ ತರಬೇತಿಯದ್ದು ಬೇರೆಯೇ ಅಧ್ಯಾಯ. ಓಡುವಾಗ ಹೀರಲು ಜೆಲ್ ಎಂಬ ಪೊಟ್ಟಣ ತಂದಿದ್ದೆ. ಹೆಂಡತಿ ಬೆರಳ ತುದಿಗೆ ಹಚ್ಚಿ ನೆಕ್ಕಿ ನೋಡಿದಳು. "ಇದು ಬೆಲ್ಲದ ಪಾಕ ಅಲ್ವಾ? ಸ್ವಲ್ಪ ಸೀದಿದೆ" ಎಂದು ತೀರ್ಪು ಕೊಟ್ಟು, ಬೆಲೆ ನೋಡಿ ಪೊಟ್ಟಣವನ್ನು ದೇವರ ಪಟದ ಪಕ್ಕ ಎತ್ತಿಟ್ಟಳು. ಅಂದಿನಿಂದ ನನ್ನ ಚಡ್ಡಿಯ ಜೇಬಿನಲ್ಲಿ ಕಡಲೆಮಿಠಾಯಿ, ಉಪ್ಪು ಸವರಿದ ಖರ್ಜೂರ. ಇಪ್ಪತ್ತು ಕಿಲೋಮೀಟರಿನ ಬೆವರಿಗೆ ಕಡಲೆಮಿಠಾಯಿ ಕರಗಿ ಜೇಬಿಗೂ ತೊಡೆಗೂ ಅಂಟಿಕೊಳ್ಳುತ್ತದೆ. ಇರುವೆಗಳಿಗೆ ನನ್ನ ಮೇಲೆ ಪ್ರೀತಿ ಹೆಚ್ಚಿದೆ. ಬನಿಯನ್ ಉಜ್ಜಿ ಎದೆ ಹರಿಯದಿರಲೆಂದು ವ್ಯಾಸಲೀನ್ ಹಚ್ಚಿಕೊಳ್ಳುತ್ತಿದ್ದಾಗ ಒಮ್ಮೆ ಅತ್ತಿಗೆ ಬಾಗಿಲು ತೆರೆದು, ಏನೂ ಕೇಳದೆ ಮುಚ್ಚಿಕೊಂಡು ಹೋದರು. ಇಪ್ಪತ್ತೆಂಟರ ಓಟ ಮುಗಿಸಿ ಕಾಲುಚೀಲ ತೆಗೆದಾಗ ಬಲಗಾಲಿನ ಎರಡನೆಯ ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನೋವಿಲ್ಲ, ಏನಿಲ್ಲ. ಒಂದು ವಾರ ಅದನ್ನು ಟೂಲ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಅದು ಬಿದ್ದುಹೋದ ದಿನ ಮಗಳು ಪೆನ್ಸಿಲ್ ಡಬ್ಬಿಯಲ್ಲಿಟ್ಟು ಶಾಲೆಗೆ ಒಯ್ದಳು. ವಿಜ್ಞಾನದ ಮೇಡಂ ಬರೆದು ಕಳಿಸಿದ ಚೀಟಿಯ ವಿಷಯ ಇಲ್ಲಿ ಬೇಡ.

ಕೊನೆಯ ಎರಡು ಮೂರು ವಾರ ಓಟ ಕಡಿಮೆ ಮಾಡಬೇಕು, ಟೇಪರ್ ಅನ್ನುತ್ತಾರೆ. ಮೈ ಸುಧಾರಿಸಿಕೊಳ್ಳಲಿ ಎಂದು. ಸುಧಾರಿಸಿಕೊಳ್ಳುವುದು ಮೈಯಾದರೆ, ಕೆಡುವುದು ತಲೆ. ತಿಂಗಳುಗಟ್ಟಲೆ ಸುಮ್ಮನಿದ್ದ ಹಿಮ್ಮಡಿ ಕುಟುಕುತ್ತದೆ. ಮೆಟ್ಟಿಲಿಳಿದರೆ ಮೊಣಕಾಲು ಕಟಕಟ. ಯಾರಾದರೂ ಸೀನಿದರೆ ಆಚೆ ಕೋಣೆಗೆ ಓಡಬೇಕೆನಿಸುತ್ತದೆ, ಓಡುವ ಹಾಗಿಲ್ಲ. ಬೆಳಗ್ಗೆ ಮನೆಯಲ್ಲೇ ಇರುತ್ತೇನೆಂದು ಗೊತ್ತಾದ ಕೂಡಲೆ ಹೆಂಡತಿ ರಾಗಿ ಹಿಟ್ಟು ಮಾಡಿಸುವುದು, ಅಟ್ಟದ ಮೇಲಿನ ಕೊಳದಪ್ಪಲೆ ಇಳಿಸುವುದು ಇತ್ಯಾದಿ ಬಾಕಿ ಕೆಲಸಗಳ ಪಟ್ಟಿ ತೆಗೆದಳು. ನಾನು ವಿಶ್ರಾಂತಿಯಲ್ಲಿದ್ದೇನೆ ಎಂದರೆ, "ಅದಕ್ಕೇ ಹೇಳ್ತಿರೋದು" ಎಂದಳು.

ಶನಿವಾರ ಮಧ್ಯಾಹ್ನ ಮಾವನ ಊರಿಗೆ ಬಂದೆವು. ಕಟ್ಟೆ ತುಂಬಿತ್ತು, ನಾಲೆಯಲ್ಲಿ ಅಂಚಿನವರೆಗೆ ನೀರು, ಎರಡೂ ಕಡೆ ನಾಟಿ ಹಿಡಿದು ಹಸಿರಾದ ಗದ್ದೆ. ಏರಿಯ ಮೇಲೆ ನಿಂತು ನೋಡಿದೆ. ಎತ್ತಿನಗಾಡಿಯ ಜಾಡು, ನಡುವೆ ಹುಲ್ಲು, ಅಲ್ಲಲ್ಲಿ ಕಲ್ಲು. ನೆರಳು ಕಡಿಮೆ. ಕಂಬಗಳಿಲ್ಲ, ನಂಬರುಗಳಿಲ್ಲ. ರಾತ್ರಿ ಅತ್ತೆ ಮುದ್ದೆ ಬಡಿಸಿದರು. ಓಟದ ಹಿಂದಿನ ರಾತ್ರಿ ಹಿಟ್ಟಿನ ಪದಾರ್ಥ ಹೆಚ್ಚು ತಿನ್ನಬೇಕು ಎಂದು ಓದಿದ್ದೆ, ಆದರೆ ಅದನ್ನು ಬರೆದವನು ಮಂಡ್ಯದ ಅತ್ತೆಯ ಕೈಯಲ್ಲಿ ಮುದ್ದೆ ತಿಂದಿಲ್ಲ. ಒಂದು ನುಂಗುವಷ್ಟರಲ್ಲಿ ಇನ್ನೊಂದು ತಟ್ಟೆಗೆ ಬಂತು. ಸಾಕು ಎಂದೆ. "ಅಷ್ಟು ದೂರ ಓಡೋರು, ತಿನ್ನಿ" ಎಂದು ಅವರೆಕಾಳಿನ ಸಾರು ಸುರಿದರು. ಮಾವ ಜಗಲಿಯ ಮೇಲೆ ಕೂತು, ಎದೆಗೆ ಚುಚ್ಚಿಕೊಳ್ಳುವ ನನ್ನ ನಂಬರ್ ಚೀಟಿಯನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನಾಲ್ಕು ಪಿನ್ನುಗಳನ್ನೂ ಎಣಿಸಿದರು.

"ನಮ್ಮ ತೂಬಿನ ತಾವ ಎಷ್ಟೊತ್ಗೆ ಬರ್ತೀರಿ?" ಎಂದರು.

ಮೊದಲ ಸಲ ಏಳೂವರೆ ಸುಮಾರಿಗೆ, ಕೊನೆಯ ಸಲ ಹತ್ತೂಮುಕ್ಕಾಲಿಗೆ ಎಂದೆ.

"ಹತ್ತೂಮುಕ್ಕಾಲಾ? ಅಷ್ಟೊತ್ಗೆ ಡೈರಿಗೆ ಹಾಲು ಹಾಕ್ಬುಟ್ಟು, ಗದ್ದೆಗೆ ನೀರು ತಿರುಗಿಸ್ಬುಟ್ಟು, ಎಮ್ಮೆ ಮೈ ತೊಳಿಯಕ್ಕೆ ನಾಲೆಗೆ ಬಂದೇ ಇರ್ತೀನಿ. ಫ್ಲಾಸ್ಕಲ್ಲಿ ಕಾಫಿ ತರ್ತೀನಿ. ಸಕ್ರೆ ಹಾಕ್ಸಲಾ, ಬ್ಯಾಡ್ವಾ?"

ಹಾಕಿಸಿ ಎಂದೆ. ಅವರು ಗೂಡಿನಿಂದ ಡೈರಿ ಪಾಸ್‌ಬುಕ್ಕು ತೆಗೆದು, ಹಿಂಬದಿಯ ಖಾಲಿ ಜಾಗದಲ್ಲಿ ನನ್ನ ನಂಬರನ್ನು ಒತ್ತಿ ಒತ್ತಿ ಬರೆದುಕೊಂಡರು. "ಎಲ್ಲಾರೂ ಒಂದೇ ತರ ಚಡ್ಡಿ ಹಾಕ್ಕಂಡು ಬರ್ತಾರೆ. ನಮ್ಮ ಅಳಿಯ ಯಾರು ಅಂತ ಗೊತ್ತಾಗಬೇಕಲ್ಲಪ್ಪ."